ಹುಟ್ಟೂರಿನ ಹೋಟೆಲಿಗೆ ಮತ್ತೊಮ್ಮೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಡಿಸೆಂಬರ್ ಸಮೀಪಿಸುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ರಜೆಗೆ ಊರಿಗೆ ಬರುವವರ ಪತ್ರಗಳೇ ಹೆಚ್ಚಾಗುತ್ತವೆ. ಈ ಸಲ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು ಈಗ ಬೇರೆ ಬೇರೆ ಕಡೆ ನೆಲೆಸಿರುವ 5 ಮಂದಿ ಓದುಗರು, ಒಬ್ಬರ ಪರಿಚಯ ಇನ್ನೊಬ್ಬರಿಗೆ ಇಲ್ಲದಿದ್ದರೂ, ಒಂದೇ ವಿಷಯವನ್ನು ಕುರಿತು ಬರೆದಿದ್ದಾರೆ. ಊರಿಗೆ ಬಂದಾಗ ತಮ್ಮ ಹಳೆಯ ಹೋಟೆಲಿಗೆ ಹೇಗೆ ಹೋಗಬೇಕೆಂಬುದು ಅವರೆಲ್ಲರ ಪ್ರಶ್ನೆ. ಅದರಿಂದಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಬೆಳೆದದ್ದು ಬಸವನಗುಡಿಯಲ್ಲಿ. 11 ವರ್ಷಗಳ ನಂತರ 8 ದಿನಗಳ ಮಟ್ಟಿಗೆ ಊರಿಗೆ ಬರುತ್ತಿದ್ದೇನೆ. 14 ವರ್ಷದ ಮಗಳಿಗೆ ನನ್ನ ಬಾಲ್ಯದ ಹೋಟೆಲುಗಳನ್ನು ತೋರಿಸಬೇಕೆಂಬ ಆಸೆಯಿಂದ 16 ಹೆಸರುಗಳ ಪಟ್ಟಿ ಮಾಡಿಕೊಂಡಿದ್ದೇನೆ. ನೆಂಟರ ಮನೆಯ ಊಟಗಳನ್ನು ಕಳೆದರೆ ನನಗೆ ಉಳಿಯುವುದು 5 ಬೆಳಗು ಮಾತ್ರ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?
(ಮೆಲ್ಬರ್ನ್‌ನಿಂದ ಒಬ್ಬ ಓದುಗರು)

ಉತ್ತರ: ಪಟ್ಟಿಯಲ್ಲಿ 3 ಹೆಸರುಗಳನ್ನು ಮಾತ್ರ ಉಳಿಸಿಕೊಂಡು, ಆ ಮೂರರಲ್ಲಿ ನಿಮಗೆ ತೀರ ಹತ್ತಿರವಾದ ಒಂದಕ್ಕೆ ಎರಡು ಸಲ ಹೋಗಿ ಎಂಬುದು ನನ್ನ ಸಲಹೆ. ಬಹುಕಾಲದ ನಂತರ ಹಳೆಯ ಹೋಟೆಲಿಗೆ ಕಾಲಿಟ್ಟವರು ಮೊದಲ ಸಲ ತಿನ್ನುವುದಕ್ಕಿಂತ ಹೋಲಿಸುವುದೇ ಹೆಚ್ಚು. ಗೋಡೆಯ ಬಣ್ಣ, ಮೇಜು, ಗಲ್ಲಾದಲ್ಲಿ ಕುಳಿತವರ ಮುಖ, ಬಿಲ್ಲಿನ ಮೊತ್ತ ಇವೆಲ್ಲವನ್ನೂ ನೆನಪಿನೊಂದಿಗೆ ತಾಳೆ ನೋಡುತ್ತಿರುವಾಗಲೇ ತಟ್ಟೆ ಖಾಲಿಯಾಗಿರುತ್ತದೆ. ಎರಡನೆಯ ಸಲ ಹೋದಾಗ ಆ ಲೆಕ್ಕಾಚಾರ ಮುಗಿದಿರುವುದರಿಂದ ನಾಲಿಗೆ ತನ್ನ ಕೆಲಸವನ್ನು ತಾನು ಮಾಡುತ್ತದೆ. ನಾನು ಕೆಲವು ವರ್ಷ ಹೊರಗಿದ್ದು ಮೊದಲ ಸಲ ಮರಳಿದಾಗ 4 ದಿನಗಳಲ್ಲಿ 9 ಹೋಟೆಲುಗಳನ್ನು ಸುತ್ತಿದ್ದೆ. ಅವುಗಳಲ್ಲಿ ಇಂದಿಗೂ ಸ್ಪಷ್ಟವಾಗಿ ನೆನಪಿರುವುದು, ಕೊನೆಯ ದಿನ ಬೇರೆಲ್ಲೂ ಹೋಗಲಾಗದೆ ಎರಡನೆಯ ಸಲ ಹೋದ ಒಂದು ಮಾತ್ರ.

ನಿಮ್ಮ ಪಟ್ಟಿಯ ಮೇಲ್ಭಾಗದಲ್ಲಿರುವ ವಿದ್ಯಾರ್ಥಿ ಭವನ, ಎಂ.ಟಿ.ಆರ್. ಮತ್ತು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಈ ಮೂರನ್ನೇ ಇಟ್ಟುಕೊಳ್ಳಬಹುದು. ಮೂರಕ್ಕೂ ಮಧ್ಯೆ ಇರುವ ದಾರಿ ಬಹಳ ಕಡಿಮೆ. ಮಗಳನ್ನು ಕರೆದುಕೊಂಡು ನಡೆದೇ ಹೋಗಬಹುದು. ಆದರೆ ವಾರದ ದಿನಗಳನ್ನು ನೋಡಿಕೊಂಡು ಹೊರಡಿ, ಏಕೆಂದರೆ ಹೊರಗಿನಿಂದ ಬಂದವರು ಮರೆಯುವುದು ಇದನ್ನೇ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಎಂ.ಟಿ.ಆರ್.ಗೆ ಸೋಮವಾರ, ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಚಿಕ್ಕಂದಿನಲ್ಲಿ ನಮಗೆ ಈ ರಜೆಗಳು ಹಬ್ಬದ ತಿಥಿಗಳಂತೆ ಬಾಯಿಪಾಠವಾಗಿದ್ದವು.

1943ರಲ್ಲಿ ಗಾಂಧಿ ಬಜಾರಿನಲ್ಲಿ ವೆಂಕಟರಮಣ ಉರಾಳರು ತೆರೆದ ವಿದ್ಯಾರ್ಥಿ ಭವನಕ್ಕೆ ಆ ಹೆಸರು ಬಂದದ್ದು ಹತ್ತಿರದ ಶಾಲೆಯ ವಿದ್ಯಾರ್ಥಿಗಳಿಂದ. 1970ರಲ್ಲಿ ಅದು ರಾಮಕೃಷ್ಣ ಅಡಿಗರ ಕೈಗೆ ಬಂತು. ಪಂಚೆ ಉಟ್ಟ ಸಪ್ಲೈಯರ್ ಒಂದೇ ಕೈ ಮೇಲೆ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಬರುವುದನ್ನು ಮಗಳು ನೋಡಬೇಕಾದರೆ ಅಡುಗೆಮನೆಯ ಬಾಗಿಲು ಕಾಣುವ ಕಡೆ ಕೂರಿಸಿ. ಗೋಡೆಯ ಮೇಲಿರುವ ಕನ್ನಡದ ಹಿರಿಯರ ಪೆನ್ಸಿಲ್ ಚಿತ್ರಗಳಲ್ಲಿ ಎಷ್ಟು ಜನರನ್ನು ನೀವು ಗುರುತಿಸಬಲ್ಲಿರಿ ಎಂಬುದನ್ನೂ ಅಲ್ಲಿಯೇ ಕುಳಿತು ಅವಳಿಗೆ ಹೇಳಿ. ಶನಿವಾರ ಮತ್ತು ಭಾನುವಾರ ಬಾಗಿಲಲ್ಲಿ ಹೆಸರು ಬರೆಸಿ ಬಹಳ ಹೊತ್ತು ಕಾಯಬೇಕಾಗುತ್ತದೆ. ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ 7 ಗಂಟೆಗೆ ಮುಂಚೆ ಹೋದರೆ ನೀವು ಕಂಡಿದ್ದ ಹಳೆಯ ಗಾಂಧಿ ಬಜಾರಿನ ಸದ್ದು ಸ್ವಲ್ಪವಾದರೂ ಕೇಳಿಸುತ್ತದೆ. ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಮುಚ್ಚಿರುತ್ತದೆ ಎಂಬುದು ನೆನಪಿರಲಿ.

ಎಂ.ಟಿ.ಆರ್.ನಲ್ಲಿ ಮಗಳಿಗೆ ರವೆ ಇಡ್ಲಿಯನ್ನೇ ಕೊಡಿಸಿ. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬ್ರಾಹ್ಮಣ ಕಾಫಿ ಕ್ಲಬ್ ಎಂದು ಆರಂಭಿಸಿದ ಈ ಹೋಟೆಲು 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಬಂದಾಗ ಅಕ್ಕಿಯ ಬದಲು ರವೆಯನ್ನು ಬಳಸಿ ಅವರು ಮಾಡಿದ ಪ್ರಯೋಗವೇ ಈ ರವೆ ಇಡ್ಲಿ. ಪಕ್ಕದಲ್ಲಿ ಆಲೂಗಡ್ಡೆ ಸಾಗು, ಪುಟ್ಟ ಬಟ್ಟಲಲ್ಲಿ ತುಪ್ಪ ಬರುತ್ತದೆ. ಪುಸ್ತಕದಲ್ಲಿ ಓದುವ ಯುದ್ಧ ನಮ್ಮ ಊರಿನ ತಿಂಡಿಯೊಳಗೆ ಹೇಗೆ ಬಂದು ಕುಳಿತಿದೆ ಎಂಬುದು 14 ವರ್ಷದ ಹುಡುಗಿಗೆ ತಟ್ಟನೆ ಅರ್ಥವಾಗುತ್ತದೆ. ಬೆಳ್ಳಿಯ ಲೋಟದ ಕಾಫಿಯನ್ನು ನೀವು ತೆಗೆದುಕೊಂಡು ಅವಳಿಗೆ ಒಂದೆರಡು ಗುಟುಕು ಕೊಟ್ಟರೆ ಸಾಕು.

ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಕೂರಲು ಹೋಗಬೇಡಿ, ಅಲ್ಲಿ ನಿಂತೇ ತಿನ್ನಬೇಕು. 1965ರಿಂದ ನಡೆಯುತ್ತಿರುವ ಆ ಜಾಗದಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಬಿಟ್ಟರೆ ತಿಂಡಿಗಳು ಹೆಚ್ಚಿಲ್ಲ. ಸಾಂಬಾರ್ ಎಂಬುದೇ ಇಲ್ಲ, ಚಟ್ನಿಯನ್ನು ಮಾತ್ರ ಕೇಳಿದಷ್ಟು ಸಲ ಹಾಕುತ್ತಾರೆ. ಎರಡು ಸಲ ಹೋಗಬೇಕಾದ ಹೋಟೆಲ್ ಇವುಗಳಲ್ಲಿ ಯಾವುದೆಂಬುದನ್ನು ನಾನು ಹೇಳಬಾರದು. ನಿಮ್ಮ ತಂದೆಯವರು ನಿಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ಎಲ್ಲಿಗೋ ಅಲ್ಲಿಗೆ ಹೋಗಿ.

ಪ್ರಶ್ನೆ: ಮಲ್ಲೇಶ್ವರದ ನ್ಯೂ ಕೃಷ್ಣ ಭವನ ಮುಚ್ಚಿಹೋಯಿತೆಂದು ನನಗೆ ತಿಳಿದದ್ದು ಅದರ ಬಾಗಿಲ ಮುಂದೆ ಹೋಗಿ ನಿಂತಾಗ. ಎಂ.ಇ.ಎಸ್. ಕಾಲೇಜಿನಲ್ಲಿ ಓದುತ್ತಿದ್ದಾಗ ಪ್ರತಿ ಶನಿವಾರ ನಾನು ಮತ್ತು ನನ್ನ ಅಕ್ಕ ಅಲ್ಲಿ ಸೇರುತ್ತಿದ್ದೆವು. ಅಕ್ಕ ಈಗಿಲ್ಲ. ಅಲ್ಲಿಗೆ ಸಮನಾದ ಜಾಗ ಇನ್ನೊಂದು ಇದೆಯೇ?
(ಪುಣೆಯಿಂದ ಒಬ್ಬ ಓದುಗರು)

ಉತ್ತರ: ಸಂಪಿಗೆ ರಸ್ತೆಯಲ್ಲಿ 1954ರಲ್ಲಿ ಆರಂಭವಾಗಿದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಆ ದಿನಗಳಲ್ಲಿ ಅಲ್ಲಿಗೆ ಹೋಗಿ ಕೊನೆಯ ಸಲ ತಿಂಡಿ ತಿಂದು ಬಂದವರು ಬಹಳ ಮಂದಿ. ನೀವು ಆ ಸಾಲಿನಲ್ಲಿ ನಿಲ್ಲಲಾಗದೆ, ಮುಚ್ಚಿದ ಬಾಗಿಲನ್ನು ಒಬ್ಬರೇ ನೋಡಬೇಕಾಯಿತು ಎಂಬುದನ್ನು ಓದಿ ನನಗೆ ಬಹಳ ಬೇಸರವಾಯಿತು. ಸಮನಾದ ಜಾಗ ಇಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ಹಸಿರು ಮಸಾಲೆಯ ಇಡ್ಲಿ, ಕರಾವಳಿಯ ತಿಂಡಿಗಳು, ಗಂಟೆಗಟ್ಟಲೆ ಕುಳಿತರೂ ಏಳಿ ಎನ್ನದ ಆ ಹಾಲ್, ಇವು ಮೂರೂ ಒಟ್ಟಿಗೆ ಸಿಗುವ ಜಾಗ ಈಗ ಮಲ್ಲೇಶ್ವರದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಳೆಯ ಹೋಟೆಲುಗಳು ಮುಚ್ಚಲು ವ್ಯಾಪಾರ ಕುಸಿದದ್ದೇ ಕಾರಣವೆಂದು ಹೊರಗಿನವರು ಭಾವಿಸುವುದುಂಟು. ಸಾಮಾನ್ಯವಾಗಿ ಸಂಗತಿ ಬೇರೆಯೇ ಇರುತ್ತದೆ: ಮುಖ್ಯರಸ್ತೆಯ ಜಾಗದ ಬೆಲೆ ಇಡ್ಲಿ ಮಾರಿ ಬರುವ ಆದಾಯಕ್ಕೆ ಯಾವ ರೀತಿಯಲ್ಲೂ ಹೊಂದುವುದಿಲ್ಲ, ಕುಂದಾಪುರ, ಉಡುಪಿ ಸೀಮೆಯಿಂದ ಹುಡುಗರಾಗಿ ಬಂದು ಭಟ್ಟರಾಗಿ ಪಳಗುತ್ತಿದ್ದವರು ಈಗ ಬರುತ್ತಿಲ್ಲ, ಮತ್ತು ಬೆಳಗಿನ 4 ಗಂಟೆಗೆ ಎದ್ದು ಹಿಟ್ಟು ನೋಡುವ ಜೀವನವನ್ನು ಮಾಲೀಕರ ಮಕ್ಕಳು ಒಪ್ಪಬೇಕೆಂದು ನಾವು ಕೇಳುವಂತಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಗಳ ಬೆಲೆಯನ್ನು ಇಳಿಸಿದಾಗ ಎಂ.ಟಿ.ಆರ್. ಕೂಡ ಬಾಗಿಲು ಮುಚ್ಚಿತ್ತು. ಕೆಲಸಗಾರರನ್ನು ಉಳಿಸಿಕೊಳ್ಳಲು ಪೊಟ್ಟಣದ ಹಿಟ್ಟು, ಪುಡಿಗಳ ವ್ಯಾಪಾರಕ್ಕೆ ಇಳಿಯಿತು. 1984ರಲ್ಲಿ ಹೋಟೆಲು ಮರಳಿ ತೆರೆಯಿತು. ಅಂಥದು ಅಪರೂಪ. ಇಲ್ಲೂ ಹಾಗಾಗಬಹುದೆಂದು ನಿಮಗೆ ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ.

ಆದರೂ ಶನಿವಾರ ಬೆಳಿಗ್ಗೆ ಮಲ್ಲೇಶ್ವರಕ್ಕೆ ಹೋಗಿ. 1977ರಿಂದ ಇರುವ ವೀಣಾ ಸ್ಟೋರ್ಸ್ ಮಾರ್ಗೋಸಾ ರಸ್ತೆಯಲ್ಲಿ, 15ನೇ ಕ್ರಾಸಿನ ಹತ್ತಿರ, ಅಂದರೆ ನಿಮ್ಮ ಕಾಲೇಜಿನ ಕಡೆಯಲ್ಲೇ ಇದೆ. ತಟ್ಟೆ ಹಿಡಿದು ಫುಟ್‌ಪಾತಿನಲ್ಲಿ ನಿಂತು ತಿನ್ನಬೇಕು. ಅದೇ ರಸ್ತೆಯಲ್ಲಿ 7ನೇ ಕ್ರಾಸಿಗೆ ಇಳಿದರೆ ಸಿ.ಟಿ.ಆರ್. ಸಿಗುತ್ತದೆ. ಬೋರ್ಡಿನ ಮೇಲೆ ಶ್ರೀ ಸಾಗರ್ ಎಂದಿದ್ದರೂ ಊರಿನವರು ಇಂದಿಗೂ ಹಳೆಯ ಹೆಸರಿನಲ್ಲೇ ಕರೆಯುತ್ತಾರೆ. ಅಲ್ಲಿ ಒಂದು ಬೆಣ್ಣೆ ಮಸಾಲೆ ತರಿಸಿಕೊಂಡು, ಅಕ್ಕನೊಂದಿಗೆ ಮಾಡುತ್ತಿದ್ದಂತೆ, ಕಾಫಿಯನ್ನು ಬೈಟೂ ಹೇಳಿ. ಎರಡನೆಯ ಲೋಟವನ್ನು ಎದುರಿಗೆ ಕುಳಿತವರಿಗೆ ಕೊಡಲು ಸಂಕೋಚಪಡಬೇಡಿ. ಒಂದೇ ಮೇಜಿನಲ್ಲಿ ಅಪರಿಚಿತರೊಂದಿಗೆ ಕೂರುವುದು ಆ ಹೋಟೆಲಿನ ರೂಢಿ.

ಪ್ರಶ್ನೆ: ಪ್ರತಿ ಸಲ ಊರಿಗೆ ಬಂದಾಗಲೂ ದೋಸೆಯಾಗಲಿ ಕಾಫಿಯಾಗಲಿ ಮೊದಲಿನ ಹಾಗಿಲ್ಲ ಅನ್ನಿಸುತ್ತದೆ. ಕೆಟ್ಟಿರುವುದು ಹೋಟೆಲೋ, ನನ್ನ ನಾಲಿಗೆಯೋ?
(ಮಸ್ಕತ್‌ನಿಂದ ಒಬ್ಬ ಓದುಗರು)

ಉತ್ತರ: ಎರಡೂ ಬದಲಾಗಿವೆ, ಆದರೆ ಕೆಟ್ಟಿದೆ ಎನ್ನುವ ಮೊದಲು ಕೆಲವು ಸಂಗತಿಗಳನ್ನು ಗಮನಿಸಬೇಕು. ಸೌದೆ ಒಲೆಯ ಮೇಲಿದ್ದ ಕಾವಲಿ ಗ್ಯಾಸಿಗೆ ಬಂದಿದೆ. ಹಿಂದೆ ಹಾಲು ಹತ್ತಿರದ ಹಟ್ಟಿಯಿಂದ ಬರುತ್ತಿತ್ತು, ಈಗ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಕಾಫಿಯಂತೂ ಬೀಜಕ್ಕಿಂತ ಹೆಚ್ಚಾಗಿ ಡಿಕಾಕ್ಷನ್ ಇಳಿಸಿದ ಹೊತ್ತನ್ನೇ ಅವಲಂಬಿಸಿದೆ. ಬೆಳಿಗ್ಗೆ ಮೊದಲ ಸುತ್ತಿನಲ್ಲಿ ಇಳಿಸಿದ ಡಿಕಾಕ್ಷನ್‌ನ ಕಾಫಿಗೂ, 11 ಗಂಟೆಯ ಹೊತ್ತಿಗೆ ಉಳಿದ ಡಿಕಾಕ್ಷನ್‌ನ ಕಾಫಿಗೂ ಒಂದೇ ಹೋಟೆಲಿನಲ್ಲಿಯೇ ದೊಡ್ಡ ವ್ಯತ್ಯಾಸವಿರುತ್ತದೆ. ಡಿಸೆಂಬರಿನ ಚಳಿಯಲ್ಲಿ ಹಿಟ್ಟು ನಿಧಾನವಾಗಿ ಹುಳಿಯುವುದರಿಂದ ದೋಸೆಯ ಹುಳಿಯೂ ಬೇಸಿಗೆಯದಕ್ಕಿಂತ ಕಡಿಮೆ. ನೀವು ಪ್ರತಿ ಸಲ ಡಿಸೆಂಬರಿನಲ್ಲಿಯೇ ಬರುವವರಾದರೆ, ಏಪ್ರಿಲ್‌ನ ಬೇಸಿಗೆ ರಜೆಯಲ್ಲಿ ತಿಂದ ದೋಸೆಯ ನೆನಪಿಗೆ ಡಿಸೆಂಬರಿನ ದೋಸೆಯನ್ನು ಹೋಲಿಸುತ್ತಿದ್ದೀರಿ.

ಹಸಿವಿನ ವಿಷಯವೂ ಇದೆ. ಶಾಲೆಯಿಂದ ನಡೆದು ಬಂದು ತಿಂದ ದೋಸೆ ಬೇರೆ, ನೆಂಟರ ಮನೆಯ ಉಪ್ಪಿಟ್ಟಿನ ಮೇಲೆ ತಿಂದ ದೋಸೆ ಬೇರೆ. ಊರಿಗೆ ಬಂದ ಮೊದಲ ಎರಡು ದಿನ ಹೋಟೆಲಿಗೆ ಹೋಗದೆ, ಮೂರನೆಯ ದಿನ ಬೆಳಿಗ್ಗೆ ಮನೆಯಲ್ಲಿ ಏನನ್ನೂ ಮುಟ್ಟದೆ ಹೊರಟು ನೋಡಿ. ಅನಂತರವೂ ಅದೇ ಅಭಿಪ್ರಾಯವಿದ್ದರೆ ಹೋಟೆಲು ಬದಲಾಗಿದೆ ಎಂದು ನಾನೂ ಒಪ್ಪುತ್ತೇನೆ.

ಪ್ರಶ್ನೆ: 1990ರ ದಶಕದಲ್ಲಿ ಒಟ್ಟಿಗೆ ಓದಿದ ನಾವು 6 ಮಂದಿ ಗೆಳತಿಯರು ಜನವರಿಯಲ್ಲಿ ಬೆಂಗಳೂರಿನಲ್ಲಿ ಸೇರುತ್ತಿದ್ದೇವೆ. ಆಗ ಕಂಟೋನ್ಮೆಂಟ್ ಕಡೆಯ ಪಬ್ಬುಗಳಿಗೆ ಹೋಗುತ್ತಿದ್ದೆವು. ಆ ಜಾಗಗಳಲ್ಲಿ ಏನಾದರೂ ಉಳಿದಿದೆಯೇ? ಈಗಿನ ಹುಡುಗ ಹುಡುಗಿಯರ ನಡುವೆ ನಾವು ಹೋಗಿ ಕುಳಿತರೆ ಚೆನ್ನಾಗಿರುತ್ತದೆಯೇ?
(ಮುಂಬಯಿಯಿಂದ ಒಬ್ಬ ಓದುಗರು)

ಉತ್ತರ: ಖಂಡಿತವಾಗಿ ಹೋಗಿ. ಬೆಂಗಳೂರಿಗೆ ಪಬ್ ಸಿಟಿ ಎಂಬ ಹೆಸರು ಬಂದದ್ದು 1980ರ ದಶಕದ ಕೊನೆಯಿಂದ, ನೀವು ಓದುತ್ತಿದ್ದ ದಿನಗಳಲ್ಲಿಯೇ. ಅದನ್ನು ಕಟ್ಟಿದ ಪೀಳಿಗೆಗೆ ಸೇರಿದ ನೀವು ಅಲ್ಲಿ ಸಂಕೋಚಪಡುವ ಕಾರಣವಿಲ್ಲ. ಚರ್ಚ್ ಸ್ಟ್ರೀಟ್ ಮತ್ತು ಬ್ರಿಗೇಡ್ ರಸ್ತೆಯ ಆ ಕಾಲದ ಪಬ್ಬುಗಳಲ್ಲಿ ಹಲವು ಈಗಿಲ್ಲ. ಆದರೆ ರೆಸ್ಟ್ ಹೌಸ್ ರಸ್ತೆಯ ಪೀಕೋಸ್ 1989ರಲ್ಲಿ ಆರಂಭವಾದದ್ದು. ಕಿರಿದಾದ ಮೆಟ್ಟಿಲು, ಹಳೆಯ ರಾಕ್ ಸಂಗೀತ, ಮಗ್ಗಿನಲ್ಲಿ ಬರುವ ಬಿಯರ್ ಇವುಗಳಿಗಾಗಿಯೇ ಜನ ಅಲ್ಲಿಗೆ ಹೋಗುವುದು. ಸಂಜೆ 5 ಗಂಟೆಯ ಹೊತ್ತಿಗೆ ಹೋದರೆ 6 ಮಂದಿಗೆ ಒಂದೇ ಮೇಜು ಸಿಗುವ ಸಾಧ್ಯತೆ ಹೆಚ್ಚು. ರಾತ್ರಿಯಾದ ಮೇಲೆ ಹೋದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಹಲವು ವರ್ಷಗಳ ಮಾತು ಬಾಕಿ ಇರುವಾಗ ಕಿವಿಗೆ ಬಿಡುವಿರಬೇಕು.

ಮಾತಿಗಾಗಿಯೇ ಹೋಗುವುದಾದರೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಅನ್ನು ನಾನು ಮೊದಲು ಹೇಳುತ್ತೇನೆ. ಬ್ಯಾಂಕಿನ ಕೆಲಸ ಬಿಟ್ಟ ಪಿ.ಓ. ಕೋಶಿಯವರು 1940ರಲ್ಲಿ ಬೇಕರಿಯಾಗಿ ಆರಂಭಿಸಿದ ಉದ್ಯಮ ಅದು. ಬಿಯರ್ ಕುಡಿಯುವವರು, ಕಾಫಿ ಕುಡಿಯುವವರು, ಊಟ ಮಾಡುವವರು ಎಲ್ಲರೂ ಒಂದೇ ಮೇಜಿನ ಸುತ್ತ ಕೂರಬಹುದಾದ ಜಾಗ. ನಿಮ್ಮ 6 ಮಂದಿಯಲ್ಲಿ ಈಗ ಮದ್ಯ ಮುಟ್ಟದವರು ಒಬ್ಬಿಬ್ಬರಾದರೂ ಇರುತ್ತಾರೆ, ಅವರಿಗೂ ಅಲ್ಲಿ ಇರುಸುಮುರುಸಾಗುವುದಿಲ್ಲ. ಎಂ.ಜಿ. ರಸ್ತೆಯಲ್ಲಿ ನೀವು ಕಂಡಿದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಆ ಕಟ್ಟಡವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಹಳೆಯ ಜಾಗದಲ್ಲಿ ಅದನ್ನು ಹುಡುಕಬೇಡಿ.

ದಿನ ನಿಗದಿ ಮಾಡುವ ಮೊದಲು ನಗರದಲ್ಲಿ ಚುನಾವಣೆ ಇದೆಯೇ ಎಂದು ನೋಡಿಕೊಳ್ಳಿ. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಮದ್ಯ ಮಾರಾಟ ಇರುವುದಿಲ್ಲ. ಕಾರನ್ನು ಮನೆಯಲ್ಲೇ ಬಿಟ್ಟು ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣದಲ್ಲಿ ಇಳಿಯಿರಿ, ಅಲ್ಲಿಂದ ಎಲ್ಲವೂ ನಡಿಗೆಯ ದೂರ. ಪಬ್ಬುಗಳು ಈಗ ನಡುರಾತ್ರಿ ದಾಟಿಯೂ ತೆರೆದಿರುತ್ತವೆ, ಆದರೆ ಕೊನೆಯ ರೈಲು ಅದಕ್ಕಿಂತ ಮೊದಲೇ ಹೊರಟುಬಿಡುತ್ತದೆ.

ಪ್ರಶ್ನೆ: ನಮ್ಮ ತಂದೆಯವರಿಗೆ 81 ವರ್ಷ. ಬಿನ್ನಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದಾಗ ಸಂಬಳದ ವಾರ ಕಾಟನ್‌ಪೇಟೆಯ ಮಿಲಿಟರಿ ಹೋಟೆಲಿಗೆ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದರು. ಈಗ ನನ್ನ ಜೊತೆ ಇಲ್ಲಿದ್ದಾರೆ. ಇನ್ನೊಂದು ಸಲ ಅಲ್ಲಿ ಊಟ ಮಾಡಬೇಕೆಂದು ಕೇಳುತ್ತಿದ್ದಾರೆ. ಹಲ್ಲಿನ ಸೆಟ್ ಇದೆ, ಮಂಡಿ ನೋವು ಇದೆ. ಪಾರ್ಸೆಲ್ ತರಿಸಿ ಮನೆಯಲ್ಲೇ ಕೊಟ್ಟರೆ ಆಗದೆ?
(ಹೈದರಾಬಾದಿನಿಂದ ಒಬ್ಬ ಓದುಗರು)

ಉತ್ತರ: ಪಾರ್ಸೆಲ್ ಬೇಡ, ಅವರನ್ನು ಕರೆದುಕೊಂಡೇ ಹೋಗಿ. ಊಟ ಬೇಕು ಎಂದಷ್ಟೇ ಆಗಿದ್ದರೆ ಅವರು ಹೈದರಾಬಾದಿನಲ್ಲಿಯೇ ಬಿರಿಯಾನಿ ಕೇಳುತ್ತಿದ್ದರು.

ಬ್ರಾಹ್ಮಣರ ಕಾಫಿ ಕ್ಲಬ್ಬುಗಳು ಸಸ್ಯಾಹಾರದ ಗುರುತಾಗಿದ್ದಂತೆ ಮಾಂಸದ ಊಟದ ಜಾಗಕ್ಕೆ ಮಿಲಿಟರಿ ಹೋಟೆಲ್ ಎಂಬ ಹೆಸರು ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ನೆಲೆ ನಿಂತಿತು. ಕಾಟನ್‌ಪೇಟೆ ಕಡೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲ್ 1908ರದು, ನಿಮ್ಮ ತಂದೆಯವರಿಗಿಂತ ಹಿರಿಯದು. ಅವರು ಹೇಳುವ ಹೋಟೆಲ್ ಯಾವುದೆಂದು ಮೊದಲು ಅವರ ಬಾಯಿಂದಲೇ ಕೇಳಿ. ಹೆಸರು ನೆನಪಿಲ್ಲದಿದ್ದರೂ ತಿರುವು, ಪಕ್ಕದ ಅಂಗಡಿ, ಮಿಲ್ಲಿನಿಂದ ಬರುವ ದಾರಿ ಅವರಿಗೆ ನೆನಪಿರುತ್ತದೆ. ಒಬ್ಬ ಬಂಧುವನ್ನು ಮುಂಚೆಯೇ ಕಳಿಸಿ ಅದು ತೆರೆದಿದೆಯೇ, ಮೆಟ್ಟಿಲು ಎಷ್ಟಿವೆ, ಬೆನ್ನಿಗೆ ಒರಗಿರುವ ಕುರ್ಚಿ ಇದೆಯೇ ಎಂದು ನೋಡಿಸಿ. ಭಾನುವಾರ ಬೇಡ. ಪೇಟೆಯ ಓಣಿಗಳಲ್ಲಿ ಅಂದು ವಾಹನ ಕಡಿಮೆ ಎಂಬುದು ನಿಜವಾದರೂ ಹೋಟೆಲಿನೊಳಗೆ ನಿಲ್ಲಲು ಜಾಗವಿರುವುದಿಲ್ಲ. ಸೋಮವಾರ ಮತ್ತು ಶನಿವಾರ ಮಾಂಸ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಅವರಿಗೆ ಅಂಥ ವಾರವಿಲ್ಲದಿದ್ದರೆ ಆ ದಿನಗಳಲ್ಲಿಯೇ ಮಧ್ಯಾಹ್ನ 12 ಗಂಟೆಗೆ ಮುಂಚೆ ಹೋಗಿ ಕುಳಿತುಬಿಡಿ.

ಹಲ್ಲಿನ ಚಿಂತೆ ಅಷ್ಟೊಂದು ಬೇಡ. ರಾಗಿ ಮುದ್ದೆಯನ್ನು ಅಗಿಯುವುದಿಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗುವುದು. ಕಾಲು ಸೂಪ್, ಕೈಮಾ ಉಂಡೆ ಇವೂ ಮೃದುವಾದವೇ. ದೊನ್ನೆ ಬಿರಿಯಾನಿಯ ಅಕ್ಕಿ ಸಣ್ಣದು, ಪುದೀನ ಕೊತ್ತಂಬರಿಯ ಮಸಾಲೆಯಲ್ಲಿ ಮೆತ್ತಗೆ ಬೆಂದಿರುತ್ತದೆ. ಅದರೊಳಗಿನ ತುಂಡುಗಳನ್ನು ನೀವು ತೆಗೆದುಕೊಂಡು ಅನ್ನವನ್ನು ಅವರಿಗೆ ಬಿಡಿ. ಖಾರ ಮತ್ತು ಉಪ್ಪಿನ ವಿಷಯದಲ್ಲಿ ಅವರ ವೈದ್ಯರು ಏನಾದರೂ ಹೇಳಿದ್ದರೆ ಹೊರಡುವ ಮುಂಚೆ ಒಂದು ಮಾತು ಕೇಳಿಕೊಳ್ಳಿ, ಊಟಕ್ಕೆ ಕುಳಿತ ಮೇಲೆ ಬೇಡ ಎನ್ನಬೇಡಿ.

ಇನ್ನೊಂದು ಕೋರಿಕೆ. ಸಂಬಳದ ವಾರ ಬಿಲ್ಲು ಕೊಡುತ್ತಿದ್ದವರು ಅವರು. ಫೋನಿನಿಂದ ಹಣ ಕಳಿಸುವ ಅಭ್ಯಾಸ ನಿಮಗೆ ಎಷ್ಟೇ ಇರಲಿ, ಆ ದಿನ ಮನೆಯಿಂದ ಹೊರಡುವಾಗ ಅವರ ಶರ್ಟಿನ ಜೇಬಿನಲ್ಲಿ ಸಾಕಷ್ಟು ನೋಟುಗಳು ಇರುವಂತೆ ನೋಡಿಕೊಳ್ಳಿ. ಊಟವಾದ ಮೇಲೆ ಅವರು ಗಲ್ಲಾದ ಕಡೆ ತಿರುಗಿದಾಗ ನೀವು ಕೈ ತೊಳೆಯಲು ಎದ್ದುಹೋಗಿ.